ಮೊಸರನ್ನದವರ ಗಾಳ

ಗಾಳ ಹಾಕಿ ಮೀನು ಹಿಡಿಯುವ ಆಟ ಹುಟ್ಟಿದ್ದೇ ಮೀನು ತಿನ್ನದವರಿಗಾಗಿ ಎಂಬುದು ನನ್ನ ವಾದ. ಇದನ್ನು ಮಲ್ಪೆಯಲ್ಲೋ ಕಾರವಾರದಲ್ಲೋ ನಿಂತು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಬಿಸಿಲು ತಲೆಗೇರಿರಬೇಕೆಂದು ಎಳನೀರು ಕೊಡಿಸುತ್ತಾರೆ. ಆದ್ದರಿಂದ ಯಡಿಯೂರಿನಲ್ಲಿ ನಿಂತು ಹೇಳುತ್ತಿದ್ದೇನೆ. ಕುಣಿಗಲ್ ದಾಟಿದ ಮೇಲೆ ಸಿಗುವ ಸಿದ್ಧಲಿಂಗೇಶ್ವರನ ಯಡಿಯೂರು ಬೇರೆ. ಇದು ಜಯನಗರಕ್ಕೂ ಬನಶಂಕರಿಗೂ ನಡುವೆ ಒಂದು ಕೆರೆಯನ್ನು ಕಂಕುಳಲ್ಲಿಟ್ಟುಕೊಂಡು ಕೂತಿರುವ ಬೆಂಗಳೂರಿನ ಯಡಿಯೂರು. ಕೆರೆಯ ಸುತ್ತ ವಾಕಿಂಗಿಗೆ ದಾರಿ, ಪಕ್ಕಕ್ಕೆ ಗಣೇಶನನ್ನು ಬಿಡುವ ಕಲ್ಯಾಣಿ, ನೀರಿನ ಅಂಚಿನಲ್ಲಿ ಬೆಳ್ಳಕ್ಕಿ, ನೀರುಕಾಗೆ. ಅಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಮೀನು ಹಿಡಿಯುವವು ಈ ಹಕ್ಕಿಗಳು ಮಾತ್ರ. ಸುತ್ತಲಿನ ಬಹಳಷ್ಟು ಮನೆಗಳಲ್ಲಿ ಮೀನು ಅಂದರೆ ದಶಾವತಾರದಲ್ಲಿ ಮೊದಲನೆಯದು, ದ್ವಾದಶ ರಾಶಿಗಳಲ್ಲಿ ಕೊನೆಯದು; ಎರಡರ ನಡುವೆ ಎಲ್ಲಿಯೂ ಒಗ್ಗರಣೆ ಬರುವುದಿಲ್ಲ. (ದಕ್ಷಿಣ ಬೆಂಗಳೂರೆಲ್ಲ ಹೀಗೇ ಎಂದುಕೊಂಡವರು ಭಾನುವಾರ ಬೆಳಿಗ್ಗೆ ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ಮುಂದೆ ನಿಂತ ಸಾಲನ್ನೊಮ್ಮೆ ನೋಡಬೇಕು. ನನ್ನ ವಾದಕ್ಕೆ ಆ ಸಾಲಿನಿಂದ ಬಾಧಕವಿಲ್ಲ. ಅಲ್ಲಿ ಯಾರ ಕೈಯಲ್ಲೂ ಗಾಳವಿರುವುದಿಲ್ಲ.)

ವಾದದ ಮೊದಲ ಸಾಕ್ಷಿ ಅಮೆರಿಕದ ಬ್ಯಾಸ್ ಎಂಬ ಮೀನು. ಕಿವಿಗೆ ಬಾಸ್ ಎಂದು ಬಿದ್ದರೂ ಬೇಷ್ ಎಂದು ಬಿದ್ದರೂ ನಷ್ಟವಿಲ್ಲ, ಆ ದೇಶದವರು ಅದನ್ನು ಎರಡೂ ಭಾವದಿಂದ ಕಾಣುತ್ತಾರೆ. ಹಸಿರು ಮೈ, ಕಣ್ಣಿನಾಚೆಗೂ ಸೀಳಿದ ಬಾಯಿ, ಮುಳುಗಿದ ಕೊರಡಿನ ಮರೆಯಲ್ಲಿ ಅವಿತಿದ್ದು ಹತ್ತಿರ ಸುಳಿದದ್ದನ್ನು ಗುಳುಂ ಮಾಡುವ ಸ್ವಭಾವ. 1932ರಲ್ಲಿ ಜಾರ್ಜಿಯಾ ರಾಜ್ಯದ ಜಾರ್ಜ್ ಪೆರ್ರಿ ಎಂಬ ಬಡ ರೈತ ಹುಡುಗ 22 ಪೌಂಡ್ 4 ಔನ್ಸ್ ತೂಗುವ, ಅಂದರೆ ಹತ್ತು ಕಿಲೋ ದಾಟಿದ ಬ್ಯಾಸ್ ಹಿಡಿದ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಎಂಬವನು ಅದಕ್ಕೆ ಸರಿಸಮ ಮಾಡಿದ್ದು ಬಿಟ್ಟರೆ ಆ ದಾಖಲೆಯನ್ನು ಯಾರೂ ಮುಟ್ಟಿಲ್ಲ. ಪೆರ್ರಿ ಮೀನನ್ನು ತೂಗಿಸಿದ, ಮನೆಗೆ ಒಯ್ದ, ಮನೆಮಂದಿಯೆಲ್ಲ ತಿಂದರು. ಆರ್ಥಿಕ ಕುಸಿತದ ಕಾಲ, ಇನ್ನೇನು ಮಾಡಬೇಕಿತ್ತು? ಸರಿಯಾಗಿ ನಲವತ್ತು ವರ್ಷದ ಮೇಲೆ, 1972ರಲ್ಲಿ, ಅಲಬಾಮಾದ ರೇ ಸ್ಕಾಟ್ ತಾನು ಕಟ್ಟಿದ ಬ್ಯಾಸ್ ಸಂಘದ ಪಂದ್ಯಗಳಲ್ಲಿ ಹಿಡಿದ ಮೀನನ್ನು ಕೊಲ್ಲದೆ ಮತ್ತೆ ನೀರಿಗೆ ಬಿಡುವ ಪದ್ಧತಿ ತಂದ. ಮೊದಲು ಅವನು ವಿಮಾ ಏಜೆಂಟನಾಗಿದ್ದವನು. ಜೀವದ ಬೆಲೆ ಗೊತ್ತಿದ್ದಿರಬೇಕು. ಇವತ್ತು ದನ, ಹಂದಿ, ಕೋಳಿ ಯಾವುದನ್ನೂ ಬಿಡದ ಆ ದೇಶದ ಬ್ಯಾಸ್ ಗಾಳಗಾರ, ದೋಣಿ, ಮೋಟರು, ಸೋನಾರ್ ಎಲ್ಲಕ್ಕೂ ಕಂತು ಕಟ್ಟುತ್ತಾ ಹಿಡಿದ ಮೀನನ್ನು ಒಂದು ಫೋಟೋ ತೆಗೆದು ನೀರಿಗೆ ಬಿಡುತ್ತಾನೆ. ಅಷ್ಟು ಹೊತ್ತಿನ ಮಟ್ಟಿಗೆ ಅವನು ಗಾಂಧಿಬಜಾರಿನವನು. ಹೊಟ್ಟೆಗಾಗಿ ಹಿಡಿದದ್ದು 1932ರ ಕಥೆ. ಆಟ ಅಂತ ಶುರುವಾದದ್ದು ತಿನ್ನುವ ಅಗತ್ಯ ತಪ್ಪಿದ ಮೇಲೆ.

ಎರಡನೆಯ ಸಾಕ್ಷಿ ಸಲಕರಣೆಯ ಪೆಟ್ಟಿಗೆ. ಕನ್ನಡದಲ್ಲಿ ಮೀನಿಗೆ ತೋರಿಸುವ ಆಹಾರಕ್ಕೂ ಎರೆ ಅನ್ನುತ್ತೇವೆ, ಮಣ್ಣಿನ ಹುಳುವಿಗೂ ಎರೆ ಅನ್ನುತ್ತೇವೆ. ಆ ಹುಳುವಿನ ಹಣೆಬರಹ ನಿಘಂಟಿನಲ್ಲೇ ಬರೆದಾಗಿದೆ. ಮೊಸರನ್ನದ ಮನೆಯ ಮಗು ಅದನ್ನು ಗಾಳಕ್ಕೆ ಪೋಣಿಸಲು ಹೇಸಿದರೆ ತಪ್ಪೇನಲ್ಲ. ಈ ತೊಡಕನ್ನು ಬೇರೆ ದೇಶದವರು ಆಗಲೇ ಬಿಡಿಸಿಟ್ಟಿದ್ದಾರೆ. ಫಿನ್ಲೆಂಡಿನ ಲೌರಿ ರಪಾಲಾ 1936ರಲ್ಲಿ ಬೆಂಡನ್ನು ಕೆತ್ತಿ ಪುಟ್ಟ ಮೀನು ಮಾಡಿ, ಅದಕ್ಕೆ ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಮೆರುಗು ಹಚ್ಚಿದ. 1949ರಲ್ಲಿ ಒಹಾಯೊದ ಆಕ್ರನ್ ಊರಿನ ನಿಕ್ ಕ್ರೀಮ್ ದಂಪತಿಗಳು ಮನೆಯಲ್ಲೇ ಪ್ಲಾಸ್ಟಿಕ್ ಕಾಯಿಸಿ ಅಚ್ಚಿಗೆ ಹೊಯ್ದು ಎರೆಹುಳು ಮಾಡಿದರು. ಬ್ಯಾಸ್ ಹಿಡಿಯುವ ಕಲೆಯನ್ನೇ ಬದಲಿಸಿದ ಆ ಹುಳುವಿನಲ್ಲಿ ಜೀವವೂ ಇಲ್ಲ, ಮೈಲಿಗೆಯೂ ಇಲ್ಲ, ಏಕಾದಶಿಯ ದಿನವೂ ಮುಟ್ಟಬಹುದು. ಗಾಳದ ಮೊನೆಯನ್ನು ಹುಳುವಿನ ಹೊಟ್ಟೆಯೊಳಗೇ ಅಡಗಿಸಿ, ಮುಂದೆ ಗುಂಡಿನಾಕಾರದ ಸೀಸ ಪೋಣಿಸಿ, ಕಳೆಯ ನಡುವೆ ಸಿಕ್ಕಿಕೊಳ್ಳದಂತೆ ಎಳೆಯುವ ಕಟ್ಟಿಗೆ ಟೆಕ್ಸಸ್ ರಿಗ್ ಎಂದು ಹೆಸರು. ತಳ ಮುಟ್ಟಿಸಬೇಕು, ತುಸು ಎತ್ತಬೇಕು, ಬಿಡಬೇಕು, ಕಾಯಬೇಕು. ಹೆಣ್ಣು ನೋಡಲು ಬಂದವರ ಮುಂದೆ ಮನೆಯವರು ಸಂಬಳದ ಮಾತು ಎತ್ತುವ ಕ್ರಮವೂ ಇದೇ. ಇನ್ನು ಬಣ್ಣಬಣ್ಣದ ಈ ಗೊಂಬೆಗಳನ್ನಿಡುವ ಪೆಟ್ಟಿಗೆಯಂತೂ ನಮ್ಮ ದಸರಾ ಗೊಂಬೆಗಳ ಟ್ರಂಕಿನ ಸಾಕ್ಷಾತ್ ತಂಗಿ: ಒಂದೊಂದಕ್ಕೂ ಒಂದೊಂದು ಗೂಡು, ವರ್ಷಕ್ಕೊಮ್ಮೆ ಹೊರಗೆ ತೆಗೆದು ಜೋಡಿಸಿ ನೋಡಿ ಮತ್ತೆ ಒಳಗಿಡುವುದು, ಪ್ರತಿ ವರ್ಷ ಒಂದಾದರೂ ಹೊಸದು ಸೇರಲೇಬೇಕು. ಇಷ್ಟು ಸಂಸ್ಕಾರವಂತ ಪೆಟ್ಟಿಗೆಯನ್ನು ಮೀನು ಸಾರಿನ ಆಸೆಯುಳ್ಳವರು ಕಟ್ಟಿರಲಾರರು. ಅವರಿಗೆ ಬಲೆ ಸಾಕು.

ರೀಲಿನ ಬಗ್ಗೆಯೂ ಒಂದು ಮಾತು. ಬ್ಯಾಸ್‌ನವರು ಮೆಚ್ಚುವ ಅಡ್ಡ ಉರುಳೆಯ ರೀಲಿನ ಹಿರಿಯನನ್ನು 19ನೇ ಶತಮಾನದ ಆರಂಭದಲ್ಲಿ ಮಾಡಿದವನು ಕೆಂಟಕಿಯ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ರಿಪೇರಿಯವನು. ಎಸೆದಾಗ ಉರುಳೆ ದಾರಕ್ಕಿಂತ ವೇಗವಾಗಿ ಸುತ್ತಿದರೆ ಒಳಗೆ ಗುಬ್ಬಿಗೂಡು ತಯಾರಾಗುತ್ತದೆ. ಹೆಬ್ಬೆರಳನ್ನು ಉರುಳೆಯ ಮೇಲೆ ಹಗುರವಾಗಿ ಇಟ್ಟು, ಗೊಂಬೆ ನೀರು ಮುಟ್ಟುವ ಮೊದಲೇ ಒತ್ತುವುದನ್ನು ಕಲಿಯುವವರೆಗೆ ಆ ಗೂಡು ಬಿಡಿಸುವುದೇ ಕಸುಬು. ಮನೆಯಲ್ಲಿ ಮಲ್ಲಿಗೆ ದಂಡೆ ಕಟ್ಟುವ ಕೈ ಇದ್ದರೆ ಅವರಿಗೇ ಕೊಡುವುದು ಮೇಲು. ಮಕ್ಕಳಿಗೆ ಇದ್ಯಾವುದೂ ಬೇಡ. ಒಂದು ಬಿದಿರುಕೋಲು, ಕೋಲಿನಷ್ಟೇ ಉದ್ದದ ದಾರ, ಬೆಂಡು, ಒಂದು ಸೀಸದ ಗುಂಡು, ಸಣ್ಣ ಗಾಳ. ಬೆಂಡು ಅಲುಗಿದರೆ ಮೀನು ಮೂಸುತ್ತಿದೆ, ಮುಳುಗಿದರೆ ಎತ್ತು. ಪಾಠ ಮುಗಿಯಿತು.

ಬ್ಯಾಸ್ ನಮ್ಮಲ್ಲಿಲ್ಲವಲ್ಲ ಎಂದು ಆಕ್ಷೇಪಿಸುವವರಿಗೆ ಉತ್ತರ ನಮ್ಮ ಕೆರೆಗಳ ಕೊರವ ಮೀನು. ಹಾವಿನ ತಲೆ, ಕಳೆಯೊಳಗಿನ ವಾಸ, ಕಪ್ಪೆ ಕಂಡರೆ ನೀರನ್ನೇ ಒಡೆದುಕೊಂಡು ಬರುವ ಸಿಟ್ಟು. ಅಮೆರಿಕದಲ್ಲಿ ಬ್ಯಾಸ್‌ಗೆಂದು ಮಾಡಿದ ಪೊಳ್ಳು ರಬ್ಬರ್ ಕಪ್ಪೆಯನ್ನೇ ಇಲ್ಲಿಯ ಹುಡುಗರು ಕೊರವನ ಮುಂದೆ ಕುಣಿಸುತ್ತಾರೆ. ಗೃಹಸ್ಥಾಶ್ರಮದಲ್ಲೂ ಇಬ್ಬರೂ ಒಂದೇ. ಗಂಡು ಬ್ಯಾಸ್ ಗೂಡು ತೋಡಿ ಮೊಟ್ಟೆ ಕಾಯುತ್ತದೆ. ಕೊರವ ದಂಪತಿಗಳು ಕೆಂಪು ಮೋಡದ ಹಾಗೆ ಗುಂಪುಗಟ್ಟಿದ ಮರಿಗಳ ಕೆಳಗೆ ಪಹರೆ ತಿರುಗುತ್ತವೆ. ಆ ಹೊತ್ತಿನಲ್ಲಿ ಮುಂದೆ ಏನೇ ಬಿದ್ದರೂ ಕಚ್ಚುವುದು ಹಸಿವಿನಿಂದಲ್ಲ, ಮಕ್ಕಳ ಮೇಲಿನ ಕಾಳಜಿಯಿಂದ. ಮರಿ ಕಾಯುತ್ತಿರುವ ಮೀನಿಗೆ ಗಾಳ ಹಾಕುವವನು ಶಾಲೆಯ ಗೇಟಿನ ಮುಂದೆ ಮಗುವಿಗಾಗಿ ನಿಂತ ತಾಯಿಯ ಸರ ಕೀಳುವವನಿಗೆ ಸಮ ಎಂಬುದು ನನ್ನ ತೀರ್ಪು. ಇದಕ್ಕೆ ಮೇಲ್ಮನವಿ ಇಲ್ಲ.

ಇದೆಲ್ಲ ಪರದೇಶದ ಷೋಕಿ, ನಮ್ಮ ಸಂಸ್ಕೃತಿಗೆ ಒಗ್ಗದ್ದು ಎಂಬ ಮಾತಿಗೆ ಉತ್ತರ ಬಸವಕಲ್ಯಾಣದಲ್ಲಿದೆ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದ. ಅದರಲ್ಲಿ ಮತ್ಸ್ಯವಿನೋದ ಎಂದೇ ಒಂದು ಅಧ್ಯಾಯ: ಮೀನಿನ ಜಾತಿಗಳು, ಅವಕ್ಕೆ ಹಾಕಿ ಪಳಗಿಸುವ ತಿನಿಸು, ಕೋಲು, ದಾರ, ಗಾಳ ಎಲ್ಲದರ ವಿವರ. ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಇದರ ಮೇಲೆ ಪ್ರಬಂಧವನ್ನೇ ಬರೆದರು. ಇಂಗ್ಲಿಷರು ಗಾಳಗಾರಿಕೆಯ ವೇದವೆಂದು ತಲೆಯ ಮೇಲಿಟ್ಟುಕೊಂಡ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ, ಅಂದರೆ ಐನೂರಕ್ಕೂ ಹೆಚ್ಚು ವರ್ಷ ತಡವಾಗಿ. ನನ್ನ ವಾದಕ್ಕೆ ಮುಖ್ಯವಾದದ್ದು ಬೇರೆ. ಸೋಮೇಶ್ವರ ಮಡಿವಂತನೇನಲ್ಲ, ಅದೇ ಗ್ರಂಥದ ಅನ್ನಭೋಗದ ಭಾಗದಲ್ಲಿ ನಮ್ಮ ಇಡ್ಲಿಯ ಪೂರ್ವಜೆಯ ಜೊತೆಗೇ ಮೀನಿನ ಅಡುಗೆಯೂ ಇದೆ. ಆದರೆ ಗಾಳ ಹಾಕುವುದನ್ನು ಆತ ಅಡುಗೆಯ ಭಾಗದಲ್ಲಿ ಇಡಲಿಲ್ಲ, ವಿನೋದಗಳ ಭಾಗದಲ್ಲಿ ಇಟ್ಟ. ಕಡತವನ್ನು ಯಾವ ಕಪಾಟಿನಲ್ಲಿ ಇಟ್ಟಿದ್ದಾರೆ ಅನ್ನುವುದರ ಮೇಲೆಯೇ ಅದರ ಗತಿ ನಿಂತಿದೆ ಎಂಬುದು ವಿಧಾನಸೌಧದಲ್ಲಿ ಮೂವತ್ತು ವರ್ಷ ಸೇವೆ ಸಲ್ಲಿಸಿ ಯಡಿಯೂರು ಕೆರೆಯ ಸುತ್ತ ನಡೆಯುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಸಲಿ ಸಾಕ್ಷಿಗೆ ಬರೋಣ. ಯಡಿಯೂರಿನ ಮಗ್ಗುಲಲ್ಲೇ ಹಾದುಹೋಗುವ ಕನಕಪುರ ರಸ್ತೆಯನ್ನು ಹಿಡಿದು ಹೋದರೆ ಸುಮಾರು ನೂರು ಕಿಲೋಮೀಟರಿನಲ್ಲಿ ಕಾವೇರಿ ತೀರದ ಮುತ್ತತ್ತಿ, ಭೀಮೇಶ್ವರಿ. ಮುತ್ತತ್ತಿಯ ಸ್ಥಳಪುರಾಣದ ಪ್ರಕಾರ ಸೀತಮ್ಮ ಸ್ನಾನ ಮಾಡುವಾಗ ಮುತ್ತಿನ ಮೂಗುತಿ ನೀರಿಗೆ ಬಿತ್ತು. ಆಂಜನೇಯ ಬಾಲವನ್ನು ಇಳಿಬಿಟ್ಟು ಎತ್ತಿಕೊಟ್ಟು ಮುತ್ತೆತ್ತಿರಾಯನಾದ. ಕೋಲಿಲ್ಲ, ಗಾಳವಿಲ್ಲ, ಎರೆಯಿಲ್ಲ, ಒಂದು ಮೀನಿಗೂ ನೋವಿಲ್ಲ. ಗಾಳಗಾರಿಕೆಯ ಆದರ್ಶ ಅಲ್ಲೇ ಸ್ಥಾಪನೆಯಾಗಿದೆ. ಮನುಷ್ಯರು ಅಲ್ಲಿ ಹುಡುಕಿದ್ದು ಬಿಳಿಮೀನನ್ನು, ಇಂಗ್ಲಿಷರ ಮಹಶೀರನ್ನು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಗಾಳದ ಪುಸ್ತಕದಲ್ಲಿ ಈ ಮೀನಿನದೇ ದರ್ಬಾರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು ಎತ್ತಿದರು. ಮಹಾರಾಜರು ಹೊಡೆದ ಹುಲಿಗಳನ್ನು ಹದಮಾಡಿ ನಿಲ್ಲಿಸುತ್ತಿದ್ದ ಮನೆತನ ಅದು. ಆ ಕಾಲದಲ್ಲಿ ದೊಡ್ಡದು ಸಿಕ್ಕಿತೆಂದರೆ ಗೋಡೆಗೆ ಹೋಗಬೇಕಿತ್ತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಗಾಳಗಾರರು ಮತ್ತೆ ಕಾವೇರಿಗೆ ಬಂದರು, ಶಿಬಿರಗಳಾದವು, ಹಿಡಿದು ಬಿಡುವುದು ಅಲ್ಲಿಯ ನಿಯಮವಾಯಿತು. ಅಷ್ಟು ದೂರದಿಂದ ಬಂದವರು ಬಿಳಿಮೀನಿಗೆ ಕೊನೆಗೆ ಹಾಕಿದ್ದು ಏನನ್ನು? ರಾಗಿಮುದ್ದೆಯನ್ನು. ಹೊಳೆಯ ಸೆಳೆತಕ್ಕೆ ಕರಗದಂತೆ, ಚಿಕ್ಕ ಮೀನುಗಳು ಕುಕ್ಕಿ ಕೆಡಿಸದಂತೆ ಗಟ್ಟಿಯಾಗಿ ಬೇಯಿಸಿ, ನಾದಿ, ಗಾಳದ ಸುತ್ತ ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿದ ಮುದ್ದೆ. ರಾಡು, ರೀಲು, ದಾರ ವಿಲಾಯತಿಯದು; ಅದರ ತುದಿಯಲ್ಲಿ ಕೆಲಸ ಮಾಡುತ್ತಿದ್ದದ್ದು ಮಂಡ್ಯ ಜಿಲ್ಲೆಯ ಅಜ್ಜಿಯರ ಕೈಹದ. ಗಂಟಿಲ್ಲದೆ ಮುದ್ದೆ ತಿರುವುವವರಿಗಿಂತ ದೊಡ್ಡ ಗಾಳಗಾರರು ಈ ಸೀಮೆಯಲ್ಲಿಲ್ಲ ಎಂದರೆ ಉತ್ಪ್ರೇಕ್ಷೆಯಾಗದು.

ಅಲ್ಲಿಯ ಗಾಲಿಬೋರೆ ಶಿಬಿರದವರು ಇನ್ನೊಂದು ಪುಣ್ಯದ ಕೆಲಸ ಮಾಡಿದರು, ಲೆಕ್ಕ ಬರೆದಿಟ್ಟರು. 1998ರಿಂದ 2012ರವರೆಗಿನ ಆ ದಾಖಲೆಯನ್ನು ಸಂಶೋಧಕರು ಕೂಡಿ ಕಳೆದು ನೋಡಿದಾಗ ಸಿಕ್ಕಿದ್ದು 23,620 ಗಂಟೆಗಳ ಗಾಳ, 6,161 ಬಿಳಿಮೀನು. ಭಾಗಿಸಿದರೆ ಒಂದು ಮೀನಿಗೆ ಹತ್ತಿರ ಹತ್ತಿರ ಮೂರು ಗಂಟೆ ಐವತ್ತು ನಿಮಿಷ. ಹಸಿದವನಿಗೆ ಇದು ಒಗ್ಗುವ ದರವೇ? ತಿನ್ನಲು ಬಂದವನು ಮೊದಲ ಗಂಟೆಗೆ ಬಲೆ ತರುತ್ತಾನೆ, ಎರಡನೆಯ ಗಂಟೆಗೆ ಸಿಡಿಮದ್ದು ಹುಡುಕುತ್ತಾನೆ (ಕಾವೇರಿಯ ಮಡುಗಳಲ್ಲಿ ಎರಡೂ ನಡೆದಿವೆ), ಬುದ್ಧಿವಂತನಾದರೆ ರಸೆಲ್ ಮಾರ್ಕೆಟ್ಟಿಗೆ ಹೋಗಿ ಅರ್ಧ ಗಂಟೆಯಲ್ಲಿ ಚೌಕಾಶಿ ಮುಗಿಸಿ ಮನೆ ಸೇರುತ್ತಾನೆ. ಮೂರು ಗಂಟೆ ಐವತ್ತು ನಿಮಿಷ ನೀರನ್ನೇ ನೋಡುತ್ತಾ ಕೂರಲು, ಮೀನು ಬಂದರೂ ಬರದಿದ್ದರೂ ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ ಇದೆ ಎಂಬ ಧೈರ್ಯ ಬೇಕು. ಆ ಧೈರ್ಯ ಯಾರಿಗಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಿಟ್ಟ ಮೀನಿನ ಲೆಕ್ಕದಿಂದ ಬಂದ ಫಲವೂ ಸಣ್ಣದಲ್ಲ. ಬೇರೆ ನದಿಯ ತಳಿಯ ನೀಲಿ ರೆಕ್ಕೆಯ ಮಹಶೀರನ್ನು ತಂದು ಕಾವೇರಿಗೆ ಬಿಟ್ಟ ಮೇಲೆ, ಬೆನ್ನುಬ್ಬಿನ ಮೂಲನಿವಾಸಿ ಮಹಶೀರು ವರ್ಷದಿಂದ ವರ್ಷಕ್ಕೆ ಕಾಣೆಯಾಗುತ್ತಾ ಬಂದದ್ದು ಎದ್ದು ಕಂಡಿದ್ದು ಈ ಪುಸ್ತಕಗಳಲ್ಲೇ. ಪೌಂಡುಗಟ್ಟಲೆ ತೂಗಿ ಲೋಕವೆಲ್ಲ ಕೊಂಡಾಡಿದ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೇಮಾದೇವಿ ಎಂದು, ಖಚಿತವಾದದ್ದು 2018ರಲ್ಲಿ; ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಮದುವೆಯ ಕರೆಯೋಲೆಯೂ ವೈಕುಂಠ ಸಮಾರಾಧನೆಯ ಕಾರ್ಡೂ ಒಂದೇ ಅಂಚೆಯಲ್ಲಿ ಬಂದ ಹಾಗೆ.

ಇಷ್ಟಾದರೂ ಎದುರಾಳಿಗಳು ಸುಮ್ಮನಿರುವುದಿಲ್ಲ. ಮೂಡಿಗೆರೆಯ ಕಡೆಯ ನೀರಿನಂಚುಗಳಲ್ಲಿ ಗಾಳ ಹಿಡಿದು ಕೂರುತ್ತಿದ್ದ ಪೂರ್ಣಚಂದ್ರ ತೇಜಸ್ವಿ ಮೊಸರನ್ನದ ಪಂಗಡದವರೇನು ಎಂದು ಕೇಳುತ್ತಾರೆ. ಅಲ್ಲ, ಒಪ್ಪಿದೆ. ಆದರೆ ಆ ದಂಡೆಯಿಂದ ಅವರು ತಂದದ್ದರಲ್ಲಿ ಕನ್ನಡದ ಜನ ಹಂಚಿಕೊಂಡು ಉಂಡಿದ್ದು ಬರವಣಿಗೆಯನ್ನು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಿಂಸೆಯದು. ತಿನ್ನುವವನಾದರೂ ಹೊಟ್ಟೆಗಾಗಿ ಕೊಲ್ಲುತ್ತಾನೆ, ನೀವು ಬರೀ ಮೋಜಿಗೆ ತುಟಿ ಹರಿದು ಬಿಡುತ್ತೀರಿ, ಯಾವುದು ಪಾಪ? ಮೀನಿಗೆ ನೋವೇ ಆಗುವುದಿಲ್ಲ ಎಂದು ಗಾಳಗಾರರು ಬಹಳ ಕಾಲ ಜಾರಿಕೊಂಡರು. 2003ರಲ್ಲಿ ಬ್ರಿಟನ್ನಿನ ಸಂಶೋಧಕರು ಟ್ರೌಟ್ ಮೀನಿನ ಮುಖದಲ್ಲಿ ನೋವಿನ ಸಂವೇದನೆಯ ನರಗಳನ್ನು ತೋರಿಸಿದ ಮೇಲೆ ಆ ದಾರಿ ಕಿರಿದಾಗಿದೆ. ಮುಳ್ಳಿಲ್ಲದ ಗಾಳ, ಒದ್ದೆ ಕೈ, ನೀರಿನಿಂದ ಮೇಲೆತ್ತದೆ ಬಿಡಿಸುವುದು, ಬೇಸಿಗೆಯ ಬಿಸಿನೀರಿನಲ್ಲಿ ಆಡದೇ ಇರುವುದು, ಇವೆಲ್ಲ ನೋವನ್ನು ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ಇಲ್ಲಿ ನಾನು ಅರ್ಧ ಸೋಲು ಒಪ್ಪುತ್ತೇನೆ. ಉಳಿದರ್ಧವನ್ನು ಗೆಲ್ಲಲು ಶೃಂಗೇರಿಗೆ ಹೋಗಬೇಕು: ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚಿ, ಮೊಳದುದ್ದದ ಮೀನುಗಳನ್ನು ಕಾಲಬುಡಕ್ಕೆ ಕರೆಸಿಕೊಳ್ಳುವ ಯಾತ್ರಿಕರು ಎರೆ ಹಾಕುವ ವಿದ್ಯೆಯನ್ನು ಪೂರ್ತಿ ಕಲಿತು ಗಾಳವನ್ನು ಮಾತ್ರ ಮನೆಯಲ್ಲಿ ಬಿಟ್ಟು ಬಂದವರು. ನನ್ನ ವಾದ ತರ್ಕಬದ್ಧವಾಗಿ ಮುಟ್ಟುವ ಕೊನೆಯ ನಿಲ್ದಾಣ ಅದೇ.

ಹಿಡಿದು ಬಿಡುವುದೇ ಯಾವಾಗಲೂ ಧರ್ಮವೂ ಅಲ್ಲ. ಬ್ಯಾಸ್ ಜಪಾನಿಗೆ 1925ರಲ್ಲಿ ಹೊರಗಿನಿಂದ ಬಂದು ಅಲ್ಲಿಯ ಮೀನುಗಳನ್ನು ನುಂಗುತ್ತಾ ಬೆಳೆಯಿತು. ಬಿವಾ ಸರೋವರದಲ್ಲಿ ಹಿಡಿದ ಬ್ಯಾಸನ್ನು ಮತ್ತೆ ನೀರಿಗೆ ಬಿಡುವುದಕ್ಕೇ ನಿಷೇಧ. ನಮ್ಮ ಕೆರೆಗಳಲ್ಲೂ ಅದೇ ಪೇಚು. ಗಾಳಕ್ಕೆ ಬೀಳುವುದರಲ್ಲಿ ಹೆಚ್ಚಿನದು 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ, ನಮ್ಮ ಬಾಯಲ್ಲಿ ಜಿಲೇಬಿ ಮೀನು, ಇಲ್ಲವೇ ಸಾಕಣೆಗೆ ನಿಷೇಧವಿದ್ದೂ ಎಲ್ಲೆಡೆ ತುಂಬಿಕೊಂಡಿರುವ ಆಫ್ರಿಕನ್ ಕ್ಯಾಟ್‌ಫಿಶ್. ಬಿಟ್ಟರೆ ಕೆರೆಗೆ ದ್ರೋಹ, ತಿಂದರೆ ಅಜ್ಜಿಗೆ ದ್ರೋಹ. ಇದಕ್ಕೆ ಪರಿಹಾರ ಪಕ್ಕದ ಮನೆಯವರು. ಜಿಲೇಬಿ ಎಂಬ ಹೆಸರಿನ ಮೀನನ್ನು ಕೊಟ್ಟು ಜಿಲೇಬಿ ಎಂಬ ಹೆಸರಿನ ಸಿಹಿಯನ್ನು ಪಡೆಯುವ ವಿನಿಮಯದಿಂದ ಬೀದಿಯ ಸೌಹಾರ್ದವೂ ಬೆಳೆಯುತ್ತದೆ.

ಮನೆಮಂದಿಯ ಮಾತು ಬಂತಲ್ಲ, ಈ ಆಟದ ದೊಡ್ಡ ಲಾಭ ಇರುವುದು ಅಲ್ಲೇ. ಒಂದು ಮನೆಯ ಮೂರು ತಲೆಮಾರು ನಾಲ್ಕು ಗಂಟೆ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುವ ಸಂದರ್ಭ ಈಗ ಎಷ್ಟಿವೆ? ಮದುವೆ ಮನೆಯಲ್ಲಿ ಮುಖ ಮೊಬೈಲಿಗೆ, ಟೀವಿಯ ಮುಂದೆ ರಿಮೋಟಿನ ಜಗಳ. ಗಾಳದ ಮುಂದೆ ಎರಡೂ ಕೈಗೆ ಕೆಲಸ, ಮೀನು ಬೆದರುತ್ತದೆಂಬ ನೆಪದಲ್ಲಿ ಬಾಯಿಗೆ ಬೀಗ. ಬಕಧ್ಯಾನ ಎಂಬ ಬೈಗುಳಕ್ಕೆ ಅಲ್ಲಿ ಒಳ್ಳೆಯ ಅರ್ಥ ಬರುತ್ತದೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆರಾರು ತಿಂಗಳು ಟೆಕ್ಸಸ್‌ಗೆ ಹೋಗುವ ಜಯನಗರ, ಯಡಿಯೂರಿನ ಅಜ್ಜ-ಅಜ್ಜಿಯರಿಗೆ ಇದನ್ನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಅಲ್ಲಿ ಹದಿನೇಳು ತುಂಬದ ಮಕ್ಕಳಿಗೆ ಪರವಾನಗಿ ಬೇಡ; ಜೂನ್ ತಿಂಗಳ ಮೊದಲ ಶನಿವಾರ ದೊಡ್ಡವರಿಗೂ ಬೇಡ. ಮೊಮ್ಮಗಳ ಇಂಗ್ಲಿಷ್ ಅಜ್ಜನಿಗೆ ಅರ್ಥವಾಗದಿದ್ದರೂ, ಅಜ್ಜನ ಕನ್ನಡ ಮೊಮ್ಮಗಳಿಗೆ ಅರ್ಧವೇ ಅರ್ಥವಾದರೂ ಬೆಂಡು ಮುಳುಗಿದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಗುತ್ತದೆ.

ಇಷ್ಟು ಓದಿ ಹುರುಪುಗೊಂಡು ನಾಳೆ ಬೆಳಿಗ್ಗೆಯೇ ಕೋಲು ಹಿಡಿದು ಯಡಿಯೂರು ಕೆರೆಗೆ ಹೊರಡುವವರಿಗೆ ಒಂದು ಎಚ್ಚರಿಕೆ. ಕೆರೆ ಯಾರಪ್ಪನದೂ ಅಲ್ಲ, ಅದರ ಮೀನೂ ಅಲ್ಲ. ರಾಜ್ಯದ ಒಳನಾಡಿನ ನೀರಿಗೆಲ್ಲ 1996ರ ಮೀನುಗಾರಿಕೆ ಕಾಯ್ದೆಯಿದೆ, ಅದು ಪರವಾನಗಿ ಕೇಳುತ್ತದೆ. ಕಾವೇರಿ ವನ್ಯಜೀವಿಧಾಮದೊಳಗೆ ಗಾಳದ ಶಿಬಿರಗಳು ನಿಂತು ಒಂದು ದಶಕ ದಾಟಿದೆ. ಗಾಳಗಾರರ ಕಣ್ಣಿದ್ದರೆ ಸಿಡಿಮದ್ದಿನವರು ದೂರ ಇರುತ್ತಿದ್ದರು ಎಂಬ ವಾದಕ್ಕೆ ನನ್ನ ಮತವಿದೆ, ಆದರೆ ಮತದಿಂದ ಪರವಾನಗಿ ಸಿಗುವುದಿಲ್ಲ. ಆದ್ದರಿಂದ ಗೊಂಬೆಯ ಪೆಟ್ಟಿಗೆಯನ್ನು ಅಟ್ಟದ ಮೇಲಿಡಿ, ಮಗುವಿನ ಕೈಹಿಡಿದು ಕೆರೆಯ ಸುತ್ತ ಒಂದು ಸುತ್ತು ಬಂದು ನೀರುಕಾಗೆ ಮುಳುಗಿ ಏಳುವುದನ್ನು ತೋರಿಸಿ. ಬಿಳಿಮೀನಿಗೆಂದು ಗಟ್ಟಿಯಾಗಿ ತಿರುವಿದ ಮುದ್ದೆಯನ್ನು ಸದ್ಯಕ್ಕೆ ನೀವೇ ತಿನ್ನಬೇಕು. ಬಸ್ಸಾರನ್ನು ಸ್ವಲ್ಪ ಹೆಚ್ಚಾಗಿ ಬಡಿಸಿಕೊಳ್ಳಿ.